ಅತ್ತೆಗೆ ಹಾರ್ಮೋನು ಅರ್ಥ ಮಾಡಿಸಿದ್ದು

ಮೂಡಲಗಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳಲು ಹಿಡಿದು ಹನ್ನೆರಡು ವರ್ಷವಾಯಿತು. ಪ್ರತಿ ವರ್ಷ ಹಾರ್ಮೋನಿನ ಪಾಠ ಬರುತ್ತದೆ, ಪ್ರತಿ ವರ್ಷ ಹಿಂದಿನ ಬೆಂಚು ಆಕಳಿಸುತ್ತದೆ, ಪ್ರತಿ ವರ್ಷ ನಾನು ಅತ್ತ ಒಂದು ಸೀಮೆಸುಣ್ಣದ ತುಂಡು ಎಸೆಯುತ್ತೇನೆ. ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮುಚ್ಚಿಟ್ಟು ಉಪಯೋಗವಿಲ್ಲ, ಊರಿಗೆಲ್ಲ ಗೊತ್ತು. ಆ ಪಾಠವನ್ನು ಆಕಳಿಸದೆ, ನಡುನಡುವೆ ನನ್ನನ್ನೇ ತಡೆದು ನಿಲ್ಲಿಸಿ ಕೇಳಿದವಳು ಇಲ್ಲಿಯವರೆಗೆ ಒಬ್ಬಳೇ. ಅವಳು ನಮ್ಮ ಅತ್ತೆ. ಆಗ ಅವಳಿಗೆ ನಲವತ್ತೇಳು ವರ್ಷ.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ಅಪ್ಪನ ತಂಗಿ. ನನಗೆ ಏಳು, ತಮ್ಮನಿಗೆ ಎರಡು ವರ್ಷವಿದ್ದಾಗ ನಮ್ಮನ್ನು ಹೆತ್ತವಳು ಜ್ವರ ಬಂದು ತೀರಿಕೊಂಡಳು. ಅತ್ತೆಗೆ ಆಗ ಇಪ್ಪತ್ತು. ಹುಕ್ಕೇರಿಯ ಒಂದು ಮನೆಯಲ್ಲಿ ಅವಳಿಗೆ ಗಂಡು ಗೊತ್ತಾಗಿ, ಸಕ್ಕರೆ ಹಂಚಿಯೂ ಆಗಿತ್ತು. ಕೂಸುಗಳು ಸ್ವಲ್ಪ ದೊಡ್ಡವಾಗಲಿ ಎಂದು ಲಗ್ನವನ್ನು ಒಂದು ವರ್ಷ ಮುಂದೆ ಹಾಕಿದರು. ಮತ್ತೊಂದು ವರ್ಷ ಮುಂದೆ ಹಾಕಿದರು. ಹುಕ್ಕೇರಿಯವರು ಕಾದು ಕಾದು ಬೇರೆ ಕಡೆ ಹೆಣ್ಣು ತಂದರು. ಆಮೇಲೆ ಆ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ, ಎತ್ತುವುದು ಯಾರಿಗೂ ಅನುಕೂಲವಿರಲಿಲ್ಲ.

ಅವಳು ನಮ್ಮ ಮೂಗು ಒರೆಸಿದಳು, ಜಡೆ ಹಾಕಿದಳು, ತಪ್ಪು ಮಾಡಿದಾಗ ಬೆನ್ನಿಗೆ ನಾಲ್ಕು ಕೊಟ್ಟಳು, ಕೊಟ್ಟು ತಾನೇ ಅತ್ತಳು. ಅಪ್ಪ ಹೋದ ಮೇಲೆ ಮನೆಯ ಯಜಮಾನಿಕೆಯೂ ಅವಳದೇ ಆಯಿತು. ತಮ್ಮ ನೌಕರಿ ಹಿಡಿದು ಗೋಕಾಕಕ್ಕೆ ಹೋದ. ನಾನು ಮಾತ್ರ ಲಗ್ನವಾದರೂ ಆ ಮನೆ ಬಿಡಲಿಲ್ಲ. ಶಾಲೆ ಇಲ್ಲೇ ಇತ್ತು, ಗಂಡನ ಕೆಲಸ ಘಟಪ್ರಭಾದಲ್ಲಿ, ಅವನು ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದ. ನನಗೆ ಮಗಳು ಹುಟ್ಟಿದಾಗ ಅತ್ತೆ ಕೈ ಚಾಚಿ ಎತ್ತಿಕೊಂಡವಳು ಮೂರು ವರ್ಷವಾದರೂ ಕೆಳಗಿಳಿಸಿರಲಿಲ್ಲ. ನಾನು ಬೆಳಗ್ಗೆ ಬಿಸಿ ರೊಟ್ಟಿ ತಿಂದು, ಮಗಳಿಗೆ ಟಾಟಾ ಮಾಡಿ, ಕೈಬೀಸಿಕೊಂಡು ಶಾಲೆಗೆ ಹೋಗುತ್ತಿದ್ದೆ. ನನ್ನ ಜೊತೆಯ ಟೀಚರುಗಳು ಇದನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಆ ಚಳಿಗಾಲದಲ್ಲಿ ಅತ್ತೆಗೆ ಒಮ್ಮೊಮ್ಮೆ ಮೈ ಕಾಯತೊಡಗಿತು. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ಹಿತ್ತಲಿಗೆ ಓಡಿ ಕುತ್ತಿಗೆಗೆ ತಣ್ಣೀರು ಹಾಕಿಕೊಂಡು ಬರುವಳು. ನಾವು ಕಂಬಳಿ ಹೊದ್ದು ಕೂತರೆ ಅವಳು ಫ್ಯಾನು ಹಾಕುವಳು. ಸಣ್ಣ ಮಾತಿಗೆ ಕಣ್ಣೀರು. ನಾನು ಹೆದರಿ, ಶಾಲೆಗೆ ರಜೆ ಹಾಕಿ, ಘಟಪ್ರಭಾದ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರಮ್ಮ ಎಲ್ಲ ಕೇಳಿಕೊಂಡು ನಕ್ಕರು.

"ಇದೇನ ಬ್ಯಾನಿ ಅಲ್ರಿ. ಮುಟ್ಟ ನಿಲ್ಲೂ ವ್ಯಾಳ್ಯಾ ಬಂದೇತಿ. ಮೈಯಾಗ ಹಾರ್ಮೋನ್ ಕಡಿಮಿ ಆಗಾಕತ್ತಾವು, ಅದಕ್ಕ ಹಿಂಗ."

ವಾಪಸು ಬರುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಅತ್ತೆ ಬೆವರಿದ ಕುತ್ತಿಗೆಯನ್ನು ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಕೇಳಿದಳು. "ಹಾರ್ಮೋನ್ ಅಂದ್ರ ಏನ?"

"ರಕ್ತದಾಗ ಹರಿಯೂ ಒಂದ ರಸಾ, ಅತ್ತಿ. ಮೈಗೆ ಯಾವಾಗ ಏನ ಮಾಡಬೇಕಂತ ಹೇಳತೈತಿ."

"ನನ್ನ ಮೈಯಾಗ ಎಷ್ಟ ದಿನದಿಂದ ಐತಿ?"

"ಹನ್ನೆರಡ ಹದಿಮೂರ ವರ್ಷದಾಕಿ ಇದ್ದಾಗಿಂದ."

"ಇಷ್ಟ ವರ್ಷ ಒಳಗ ಇದ್ದು, ಈಗ ಹೋಗುಮುಂದ ಗೊತ್ತ ಮಾಡಾಕತ್ತೇತಿ. ಬಾಡಿಗಿ ಮಂದಿ ಸೈತ ಬರುಮುಂದ ಒಂದ ಮಾತ ಹೇಳಿ ಬರ್ತಾರ."

ಮುಂದಿನ ಸೀಟಿನ ಹೆಂಗಸು ಹೊರಳಿ ನೋಡಿ ಸೆರಗು ಬಾಯಿಗಿಟ್ಟು ನಕ್ಕಳು. ನನಗೆ ನಾಚಿಕೆಯಾಯಿತು. ಮನುಷ್ಯರ ಮೈಯ ಮಾತನ್ನು ಬಸ್ಸಿನಲ್ಲಿ ಬಿಡಿಸಿ ಹೇಳುವುದು ಬೇಡವೆಂದು ನಾನು ಜೇನಿನ ಉದಾಹರಣೆ ಹಿಡಿದೆ. ಜೇನುಗೂಡಿನಲ್ಲಿ ದುಡಿಯುವ ಹುಳಗಳೆಲ್ಲ ಹೆಣ್ಣು. ರಾಣಿಯೂ ಹೆಣ್ಣು. ಇಬ್ಬರೂ ಒಂದೇ ಬಗೆಯ ತತ್ತಿಯಿಂದ ಬಂದವರು. ಎಳವೆಯಲ್ಲಿ ಒಂದಕ್ಕೆ ಕೊನೆಯವರೆಗೂ ರಾಣಿಗೆಂದೇ ತಯಾರಾದ ಹಾಲಿನಂಥ ಊಟ ಹಾಕುತ್ತಾರೆ, ಉಳಿದವಕ್ಕೆ ಮೂರೇ ದಿನಕ್ಕೆ ಊಟ ಬದಲಿಸುತ್ತಾರೆ. ಊಟದಿಂದ ಹಾರ್ಮೋನು ಬದಲಾಗುತ್ತದೆ, ಹಾರ್ಮೋನಿನಿಂದ ಮೈ ಬದಲಾಗುತ್ತದೆ. ಒಬ್ಬಳು ದಿನಕ್ಕೆ ಸಾವಿರಕ್ಕೂ ಮೇಲೆ ತತ್ತಿ ಇಡುತ್ತಾಳೆ, ಉಳಿದವರು ಆ ಮಕ್ಕಳನ್ನು ಸಾಕುತ್ತಾರೆ. ರಾಣಿಯ ಮೈಯಿಂದ ಒಂದು ವಾಸನೆ ಬರುತ್ತದೆ, ಅದನ್ನು ಹುಳಗಳು ನೆಕ್ಕಿ ನೆಕ್ಕಿ ಬಾಯಿಂದ ಬಾಯಿಗೆ ಗೂಡೆಲ್ಲ ಹಂಚುತ್ತವೆ. ಆ ವಾಸನೆ ಇರುವವರೆಗೆ ದುಡಿಯುವ ಹುಳದ ಅಂಡಾಶಯ ಮುಚ್ಚಿಕೊಂಡೇ ಇರುತ್ತದೆ.

"ಅವಕ್ಕ ಮಕ್ಕಳ ಬೇಕ ಅನಸೂದಿಲ್ಲೇನ?" ಎಂದಳು ಅತ್ತೆ.

ನಾನು ಮಾತನ್ನು ಬೇರೆ ಕಡೆ ತಿರುಗಿಸಿದೆ. ಎಳೆಯ ಹುಳ ಮೊದಲು ಒಳಗೆ ಮರಿಗಳ ದಾದಿಯಾಗಿರುತ್ತದೆ, ವಯಸ್ಸಾದಂತೆ ಅದರ ರಕ್ತದಲ್ಲಿ ಬೇರೆ ಹಾರ್ಮೋನು ಏರುತ್ತದೆ, ಆಗ ಅದು ಮರಿಗಳನ್ನು ಬಿಟ್ಟು ಹೊರಗೆ ಹೂವಿಗೆ ಹಾರುತ್ತದೆ ಎಂದೆ. ಅತ್ತೆಗೆ ಇದು ಮನಸ್ಸಿಗೆ ಬಂತು. ಮೂಡಲಗಿ ಬರುವವರೆಗೆ ಎರಡು ಸಲ ಅದನ್ನೇ ಮತ್ತೆ ಹೇಳಿಸಿದಳು. ಇಳಿಯುವಾಗ, "ನನಗ ಆ ಹುಳಾ ನೋಡಬೇಕ" ಎಂದಳು.

ಜನವರಿಯಲ್ಲಿ ಶಾಲೆಯ ಮಕ್ಕಳನ್ನು ಧುಪದಾಳದ ಒಡ್ಡು ನೋಡಲು ಕರೆದೊಯ್ಯುವುದಿತ್ತು. ಅಲ್ಲಿ ಕಾಲುವೆ ದಂಡೆಗೆ ಒಬ್ಬರು ಜೇನು ಪೆಟ್ಟಿಗೆ ಇಟ್ಟಿದ್ದಾರೆಂದು ಕೇಳಿ ಅದನ್ನೂ ಸೇರಿಸಿಕೊಂಡೆ. ಅತ್ತೆ ನನ್ನ ಮಗಳನ್ನು ಎತ್ತಿಕೊಂಡು, ಬುತ್ತಿ ಕಟ್ಟಿಕೊಂಡು, ಯಾರೂ ಕರೆಯದಿದ್ದರೂ ಮುಂದಿನ ಸೀಟಿನಲ್ಲಿ ಬಂದು ಕೂತಳು. ಜೇನಿನವರು ಐವತ್ತು ದಾಟಿದ ಮನುಷ್ಯ. ಹಣೆಗೆ ವಿಭೂತಿ, ಅಂಗಿಗೆ ಹೊಗೆಯ ವಾಸನೆ, ಮಾತು ಬಲು ಕಡಿಮೆ. ಹೆಂಡತಿ ತೀರಿ ಹೋಗಿ ಆರು ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಲಗ್ನ ಮಾಡಿ ಕಳಿಸಿದ್ದರು, ಮನೆಯಲ್ಲಿ ಈಗ ಅವರೂ ಅವರ ತಾಯಿಯೂ. ಇಷ್ಟೆಲ್ಲವನ್ನು ಅವರು ನನಗೆ ಹೇಳಲಿಲ್ಲ. ಅತ್ತೆ ಅರ್ಧ ತಾಸಿನಲ್ಲಿ ಅವರಿಂದ ಹೊರಡಿಸಿದ್ದು ಇದು.

ಮಕ್ಕಳು ಹುಳ ಕಡಿಯುತ್ತದೆಂದು ದೂರ ನಿಂತವು. ಅತ್ತೆ ಪೆಟ್ಟಿಗೆಯ ಮೇಲೆ ಬಗ್ಗಿ ನಿಂತಳು. ಅವರು ಚೌಕಟ್ಟು ಎತ್ತಿ ರಾಣಿಯನ್ನು ತೋರಿಸಿದಾಗ, "ಎಷ್ಟ ಬಡಕಲ ಆಗ್ಯಾಳ್ರಿ, ದಿನಾ ಬಾಣಂತಿ" ಎಂದು ಮರುಗಿದಳು. ಆ ಮನುಷ್ಯ ಮೊದಲ ಸಲ ನಕ್ಕರು. ಹೊರಡುವಾಗ ಅವರು ನನಗೆ ಹೇಳಿದರು. "ಅಕ್ಕಾರ, ಇಷ್ಟ ವರ್ಷ ಪೆಟಗಿ ತಗದೇನಿ, ರಾಣಿ ಬಗ್ಗಿ ಯಾರೂ ಹಿಂಗ ಅಂದಿರಲಿಲ್ರಿ."

ಫೆಬ್ರುವರಿಯಲ್ಲಿ ನಮ್ಮ ಹಿತ್ತಲಿನ ನುಗ್ಗೆಗಿಡದ ಕೆಳಗೆ ಒಂದು ಪೆಟ್ಟಿಗೆ ಬಂದು ಕೂತಿತು. ಅತ್ತೆಯೇ ಬೇಡಿ ತರಿಸಿದ್ದು. ಬೆಳಗ್ಗೆ ಪೂಜೆ ಮುಗಿಸಿ ಅದರ ಮುಂದೆ ಒಂದು ಗಳಿಗೆ ಕೂರುವಳು. ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, "ನೋಡ, ಇವ್ರೆಲ್ಲಾ ಅತ್ತಿಗೋಳ" ಎಂದು ಹೇಳಿಕೊಡುವಳು. ನನಗೆ ಆಗ ಅದು ಬರೀ ತಮಾಷೆಯಾಗಿ ಕೇಳಿತು.

ಒಂದು ತಿಂಗಳಾಗುವುದರೊಳಗೆ ಆ ಪೆಟ್ಟಿಗೆಯ ರಾಣಿ ಹೋಗಿಬಿಟ್ಟಿತು. ಹೇಗೆ ಹೋಯಿತೋ ತಿಳಿಯದು. ನಾವು ಗಮನಿಸುವಷ್ಟರಲ್ಲಿ ಹೊಸ ರಾಣಿ ಮಾಡಿಕೊಳ್ಳಲು ಒಂದು ಎಳೆ ಮರಿಯೂ ಉಳಿದಿರಲಿಲ್ಲ. ಜೇನಿನವರು ಧುಪದಾಳದಿಂದ ಬೇರೊಂದು ರಾಣಿಯನ್ನು ಬೆಂಕಿಪೊಟ್ಟಣದಷ್ಟು ಚಿಕ್ಕ ಜಾಳಿಗೆಯ ಗೂಡಿನಲ್ಲಿ ತಂದರು. ಗೂಡಿನ ಬಾಯಿಗೆ ಸಕ್ಕರೆಯ ಗಟ್ಟಿ ಉಂಡೆ ಒತ್ತಿತ್ತು. ಅದನ್ನು ಚೌಕಟ್ಟುಗಳ ನಡುವೆ ತೂಗುಹಾಕಿ, "ಮೂರ ದಿನ ಮುಟ್ಟಬ್ಯಾಡ್ರಿ, ಹುಳಾ ಸಕ್ರಿ ತಿಂದ ತಾವ ಬಿಡಸ್ಕೋತಾವು" ಎಂದಷ್ಟೇ ಹೇಳಿ ಹೋದರು. ಯಾಕೆಂದು ಹೇಳಲಿಲ್ಲ. ನಾನು ಶಾಲೆಯಲ್ಲಿದ್ದೆ.

ಸಂಜೆ ನಾನು ಮನೆಗೆ ಬಂದಾಗ ಹಿತ್ತಲಲ್ಲಿ ಊದುಬತ್ತಿ ಉರಿಯುತ್ತಿತ್ತು. ಪೆಟ್ಟಿಗೆಯ ಬಾಗಿಲಿಗೆ ಅರಿಷಿಣ ಕುಂಕುಮ. ಅದರ ಮುಂದೆ ಬಾಟಲಿಯ ಮುಚ್ಚಳದಲ್ಲಿ ಅಕ್ಕಿ ತುಂಬಿಟ್ಟು ಉರುಳಿಸಿದ್ದಳು, ನಮ್ಮಲ್ಲಿ ಹೊಸ ಸೊಸೆ ಹೊಸ್ತಿಲ ಮೇಲಿನ ಸೇರು ಉರುಳಿಸಿ ಒಳಗೆ ಬರುತ್ತಾಳಲ್ಲ, ಹಾಗೆ. ಅತ್ತೆಯ ಕೈಯಲ್ಲಿ ಖಾಲಿ ಗೂಡು.

"ಲಗ್ನ ಆಗಿ ಬಂದ ಸೊಸೀನ ಮೂರ ದಿನ ಜಾಳಗಿ ಒಳಗ ಕುಂದರಸ್ತಾರೇನ? ನಾಳಿ ಅಮಾಸಿ ಬ್ಯಾರೆ. ಇವತ್ತ ಚಲೋ ದಿನ ಐತಿ, ಆರತಿ ಮಾಡಿ ನಾನ ಮನಿ ತುಂಬಸ್ಕೊಂಡ್ನಿ" ಎಂದಳು. ಮುಖ ಅರಳಿತ್ತು.

ನಾನು ಪೆಟ್ಟಿಗೆಯತ್ತ ಓಡಿದೆ. ಮುಚ್ಚಳ ತೆಗೆದು ನೋಡಿದೆ. ಹುಳಗಳೆಲ್ಲ ಒತ್ತೊತ್ತಾಗಿ ಉಂಡೆ ಕಟ್ಟಿಕೊಂಡಿದ್ದವು. ಕಡ್ಡಿಯಿಂದ ಬಿಡಿಸಿದರೆ ನಡುವೆ ರಾಣಿ ಸತ್ತು ಬಿದ್ದಿತ್ತು. ಬೇರೆ ಗೂಡಿನ ವಾಸನೆ ಹೊತ್ತು ಬಂದವಳನ್ನು ಅವು ತಮ್ಮವಳೆಂದು ತಿಳಿಯುವುದಿಲ್ಲ. ಜಾಳಿಗೆಯ ಆಚೆ ಈಚೆ ಇದ್ದು ಮೂರು ದಿನ ಮೂಸಿ, ನೆಕ್ಕಿ, ಆ ವಾಸನೆ ಗೂಡೆಲ್ಲ ಹರಡಿದ ಮೇಲೆಯೇ ಒಪ್ಪಿಕೊಳ್ಳುತ್ತವೆ. ನಾನು ಇದನ್ನೆಲ್ಲ ಸಿಟ್ಟಿನಲ್ಲಿ ಒದರಿ ಹೇಳಿದೆ. ಕಲಿಯದವರ ಕೈಗೆ ಇಂಥದ್ದು ಕೊಡಬಾರದು ಎಂದೂ ಅಂದುಬಿಟ್ಟೆ. ಅತ್ತೆ ಸತ್ತ ರಾಣಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ತುಳಸಿಯ ಬುಡದಲ್ಲಿ ಮಣ್ಣು ಮಾಡಿದಳು. ತನಗೆ ಯಾರೂ ಮಾಡದೆ ಉಳಿದ ಆರತಿಯನ್ನು ಅವಳು ಒಂದು ಹುಳಕ್ಕೆ ಮಾಡಿದ್ದಳು ಎಂದು ಹೊಳೆದಾಗ ನಾನು ಒಳಗೆ ಹೋಗಿ ಕಣ್ಣೀರು ಹಾಕಿದೆ.

ಮರುದಿನ ಜೇನಿನವರು ಬಂದರು. ಅತ್ತೆ ಬಾಗಿಲಲ್ಲೇ ತಪ್ಪೊಪ್ಪಿಕೊಂಡಳು. ಅವರು ಪೆಟ್ಟಿಗೆಯನ್ನೂ ಅಕ್ಕಿಯ ಮುಚ್ಚಳವನ್ನೂ ನೋಡಿ, "ತಪ್ಪ ನಂದರಿ. ಮುಟ್ಟಬ್ಯಾಡ್ರಿ ಅಂದ್ನಿ, ಯಾಕ ಅಂತ ಹೇಳ್ಬೇಕಾಗಿತ್ತು" ಎಂದರು. ಬೇರೆ ರಾಣಿ ಸದ್ಯಕ್ಕಿರಲಿಲ್ಲ. ಅವರು ತಮ್ಮ ಪೆಟ್ಟಿಗೆಗಳನ್ನೆಲ್ಲ ಹುಕ್ಕೇರಿ ಕಡೆಯ ಸೂರ್ಯಕಾಂತಿ ಹೊಲಗಳಿಗೆ ಒಯ್ಯುವವರಿದ್ದರು. ತಿರುಗಿ ಬಂದ ಮೇಲೆ ನೋಡೋಣ ಎಂದು ಹೋದರು. ಅಷ್ಟು ದಿನ ಅತ್ತೆ ಆ ಪೆಟ್ಟಿಗೆಗೆ ಸಕ್ಕರೆ ನೀರು ಇಡುತ್ತ, ದಿನಾ ಅವರಿಗೆ ಫೋನು ಮಾಡಿ ಸುದ್ದಿ ಹೇಳುತ್ತ ಕಳೆದಳು. ಒಂದು ಪೆಟ್ಟಿಗೆಯಲ್ಲಿ ಅಷ್ಟು ಸುದ್ದಿ ಎಲ್ಲಿರುತ್ತದೆ ಎಂದು ನಾನು ಯೋಚಿಸಲೇ ಇಲ್ಲ.

ಅವರು ಬಂದ ದಿನ ರವಿವಾರ. ಪೆಟ್ಟಿಗೆ ತೆಗೆದು ಒಂದು ಎರಿ, ಅಂದರೆ ಕೋಣೆಕೋಣೆಯ ಮೇಣದ ಹಾಳೆ, ಎತ್ತಿದಾಗ ಅದು ಅತ್ತೆಯ ಕಣ್ಣಿಗೇ ಮೊದಲು ಬಿತ್ತು. ಒಂದೊಂದು ಕೋಣೆಯಲ್ಲಿ ಮೂರು, ನಾಲ್ಕು ತತ್ತಿಗಳು, ಗೋಡೆಗೆಲ್ಲ ಅಂಟಿಕೊಂಡಿದ್ದವು.

"ನೋಡ್ರಿ, ರಾಣಿ ಇಲ್ದನ ತತ್ತಿ ಇಟ್ಟಾವು. ಇವಕ್ಕೂ ಮಕ್ಕಳಾಗ್ತಾವು" ಎಂದು ಅವಳು ಚಿಕ್ಕ ಹುಡುಗಿಯ ಹಾಗೆ ಕುಣಿದಳು.

ಅವರು ತಲೆ ಅಲ್ಲಾಡಿಸಿದರು. ರಾಣಿಯ ವಾಸನೆ ಹೋದ ಮೇಲೆ ದುಡಿಯುವ ಹುಳಗಳ ಅಂಡಾಶಯ ಬಿಚ್ಚಿಕೊಂಡಿತ್ತು. ಆದರೆ ಅವು ಗಂಡಿನ ಜೊತೆ ಕೂಡಿದವಲ್ಲ, ಅವುಗಳ ತತ್ತಿಯಿಂದ ಗಂಡು ಹುಳಗಳಷ್ಟೇ ಹುಟ್ಟುತ್ತವೆ. ಗಂಡು ಹುಳ ಹೂವಿಗೆ ಹೋಗುವುದಿಲ್ಲ, ಮರಿ ಸಾಕುವುದಿಲ್ಲ. ಹೀಗೇ ಬಿಟ್ಟರೆ ಗೂಡು ಒಂದೆರಡು ತಿಂಗಳಲ್ಲಿ ಮುಗಿಯುತ್ತದೆ. ಇಷ್ಟು ನನಗೂ ಗೊತ್ತಿತ್ತು, ನಾನೂ ನಡುವೆ ಬಾಯಿ ಹಾಕಿದೆ.

"ಮತ್ತ ಈಗ ರಾಣಿ ತಂದ ಬಿಟ್ರ?" ಎಂದಳು ಅತ್ತೆ.

"ಕೊಲ್ತಾವ್ರಿ. ಈಗ ಇವಕ್ಕ ತಾವ ರಾಣಿ ಅನಿಸೇತಿ. ಮೊದಲ ಬ್ಯಾರೆ ಪೆಟಗ್ಯಾಗಿನ ಮರಿ ಇರೂ ಎರಿ ತಂದ ಇಡಬೇಕ್ರಿ, ಸಣ್ಣ ಬಾಯಿ ತೆರದ ಮರಿ. ವಾರಕ್ಕೊಂದರಂಗ ಮೂರ ವಾರ. ಆ ಮರಿ ವಾಸನಿಗೆ ಇವುಗಳ ಹೊಟ್ಟಿ ಮತ್ತ ಮುಚ್ಚಕೋತೈತಿ."

"ಮರಿ ವಾಸನಿಗೇನ? ರಾಣಿದಲ್ಲೇನ?"

"ರಾಣಿದೂ ಹೌದ್ರಿ. ಖರೆ ಮರಿಗಳದ್ದ ಜೋರ ಇರತೈತಿ. ಸಾಕೂ ಮರಿ ಮುಂದ ಇರೂತನಕಾ ತಮ್ಮದು ಬೇಕ ಅನಸೂದಿಲ್ಲ ಅವಕ್ಕ."

ಇದು ನನಗೆ ಗೊತ್ತಿರಲಿಲ್ಲ. ಹನ್ನೆರಡು ವರ್ಷ ಪಾಠ ಹೇಳಿದವಳು ನಾನು, ಎಲ್ಲವನ್ನೂ ರಾಣಿಯ ತಲೆಗೆ ಕಟ್ಟಿ ಬೋರ್ಡಿನ ಮೇಲೆ ಬರೆದಿದ್ದೆ. ನನ್ನ ಮಗಳು ಅವಳ ಸೊಂಟದ ಮೇಲೆ ಕೂತು ಕೊರಳ ಸರ ಜಗ್ಗುತ್ತಿತ್ತು. ಅತ್ತೆ ಬಗ್ಗಿ ಅದರ ನೆತ್ತಿಯನ್ನು ಮೂಸಿದಳು. ನಾನು ಕಣ್ಣು ಬೇರೆ ಕಡೆ ಹೊರಳಿಸಿದೆ. ಇಪ್ಪತ್ತೇಳು ವರ್ಷದ ಹಿಂದೆ ಅವಳು ತಮ್ಮನ ನೆತ್ತಿಯನ್ನು ಹೀಗೇ ಮೂಸುತ್ತಿದ್ದದ್ದು ನೆನಪಾಯಿತು.

ಅವರು ಮೂರು ವಾರ ಮರಿಯ ಎರಿ ತಂದರು. ಗೂಡು ತಣ್ಣಗಾಯಿತು, ಗೋಡೆಗಂಟಿದ ತತ್ತಿಗಳು ಕಾಣೆಯಾದವು. ಆಮೇಲೆ ಹೊಸ ರಾಣಿ ಬಂತು. ಈ ಸಲ ಅತ್ತೆ ಮೂರು ದಿನ ಹಿತ್ತಲ ಬಾಗಿಲ ಚಿಲಕ ಹಾಕಿ, ಕೀಲಿಯನ್ನು ನನ್ನ ಕೈಗೆ ಕೊಟ್ಟಳು. "ನನ್ನ ಕೈ ತಡಿಯೂದಿಲ್ಲ, ನಿನ್ನ ಹಂತೇಕ ಇರಲಿ" ಎಂದಳು. ನಾಲ್ಕನೇ ದಿನ ನೋಡಿದರೆ ರಾಣಿ ಎರಿಯ ಮೇಲೆ ಓಡಾಡುತ್ತಿತ್ತು, ಸುತ್ತ ದಾದಿಗಳು. ಅವತ್ತು ಮನೆಯಲ್ಲಿ ಹೋಳಿಗೆಯಾಯಿತು.

ಮೇ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಅವರು ಒಗೆದ ಅಂಗಿ ಹಾಕಿಕೊಂಡು ಮುಂಬಾಗಿಲಿನಿಂದ ಬಂದರು. ಅದುವರೆಗೆ ಅವರು ಬಂದದ್ದೆಲ್ಲ ಹಿತ್ತಲಿನಿಂದಲೇ. ಅತ್ತೆ ಮಗಳನ್ನು ಕರೆದುಕೊಂಡು ಸಂತೆಗೆಂದು ಹೋಗಿದ್ದಳು. ಅವರು ಕರದಂಟಿನ ಪೆಟ್ಟಿಗೆ ನನ್ನ ಮುಂದಿಟ್ಟರು. ಜೇನು ಮಾರುವ ಮನುಷ್ಯ ಬೇರೆ ಸಿಹಿ ಯಾಕೆ ತಂದ ಎಂದು ನನಗೆ ಸಂಶಯ ಬಂತು.

"ಅಕ್ಕಾರ, ನಿಮ್ಮ ಅತ್ತಿಯವರನ್ನ ಕೇಳಾಕ ಬಂದೇನ್ರಿ."

"ಏನ ಕೇಳಾಕ?" ಎಂದೆ. ಎಂದ ಮೇಲೆ ಅರ್ಥವಾಯಿತು. ಅವರು ನೆಲ ನೋಡುತ್ತ ಕೂತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. "ಅವರಿಗೆ ನಲವತ್ತೇಳ ವರ್ಷರಿ" ಎಂದೆ.

"ನನಗ ಐವತ್ತೆರಡರಿ."

"ಈ ವಯಸ್ಸಿನಾಗ ಲಗ್ನ ಯಾತಕ್ಕರಿ? ಮನಿ ಕೆಲಸಕ್ಕೇನು?"

ಅವರಿಗೆ ಬೇಸರವಾದಂತೆ ಕಾಣಲಿಲ್ಲ. "ಮಾತಾಡಾಕರಿ" ಎಂದರು. ಮತ್ತೆ, "ಕೆಲಸಾ ನನಗೂ ಬರತೈತ್ರಿ. ಮಾತ ಬರೂದಿಲ್ಲ. ಅವರ ಆಡ್ತಾರ" ಎಂದರು.

ಕೇಳಿ ಹೇಳುತ್ತೇನೆ ಎಂದು ಕಳಿಸಿದೆ. ಕೇಳಲಿಲ್ಲ. ಅತ್ತೆ ಸಂತೆಯಿಂದ ಬಂದಾಗ ಕರದಂಟಿನ ಪೆಟ್ಟಿಗೆಯನ್ನು ಅಕ್ಕಿಯ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದೆ. ಬೇಸಿಗೆ ರಜೆ, ಶಾಲೆಯ ನೆವವೂ ಇರಲಿಲ್ಲ. ದಿನಾ ಬೆಳಗಿನಿಂದ ಸಂಜೆಯವರೆಗೆ ಅವಳ ಎದುರಿಗೇ ಇದ್ದು, ಅವಳು ಬಡಿದ ರೊಟ್ಟಿ ತಿಂದು, ಬಾಯಿ ಮುಚ್ಚಿಕೊಂಡಿದ್ದೆ. ಮನಸ್ಸಿನಲ್ಲಿ ನೂರು ಕಾರಣ ಕಟ್ಟಿದೆ. ಊರ ಮಂದಿ ಏನೆಂದಾರು. ಅವಳಿಗೆ ಮೈ ಕಾಯುತ್ತದೆ, ಹೊಸ ಮನೆಯಲ್ಲಿ ಯಾರು ನೋಡಿಕೊಂಡಾರು. ಖರೆ ಕಾರಣ ಒಂದೇ ಇತ್ತು. ಅವಳು ಹೋದರೆ ನನ್ನ ಮಗಳನ್ನು ಯಾರು ನೋಡುತ್ತಾರೆ? ನನ್ನನ್ನು ಯಾರು ನೋಡುತ್ತಾರೆ? ಹನ್ನೊಂದನೇ ದಿನ, ಶನಿವಾರ, ಗೋಕಾಕದ ತಮ್ಮನಿಗೆ ಫೋನು ಮಾಡಿ, ಅವನು ನಗಲಿ, ಬೇಡವೆನ್ನಲಿ ಎಂದು ಕಾದೆ. ಅವನು ನಗಲಿಲ್ಲ. "ಅಕ್ಕಾ, ನಿನ್ನ ಲಗ್ನದಾಗ ಆಕಿ ಹನ್ನೊಂದ ದಿನಾ ಕಾಯಿಸಿದ್ಲೇನ?" ಎಂದ. ನಾನು ಫೋನು ಇಟ್ಟೆ. ಗಂಡ ನನ್ನ ಮುಖ ನೋಡಿ ತಾನೇ ಚಹಾ ಮಾಡಿಕೊಂಡ, ನನ್ನ ತಂಟೆಗೆ ಬರಲಿಲ್ಲ.

ಮರುದಿನ ರವಿವಾರ. ನನ್ನ ತಲೆಗೆ ಎಣ್ಣೆ ಹಚ್ಚುವ ದಿನ. ನನಗೆ ಮೂವತ್ನಾಲ್ಕಾಗಿದ್ದರೂ, ಶಾಲೆಯಲ್ಲಿ ಮಕ್ಕಳು ನನ್ನ ನೆರಳಿಗೆ ಹೆದರುತ್ತಿದ್ದರೂ, ರವಿವಾರ ನಾನು ಹಿತ್ತಲ ಮೆಟ್ಟಿಲ ಮೇಲೆ ಅತ್ತೆಯ ಮೊಣಕಾಲ ನಡುವೆ ಕೂರಲೇಬೇಕು. ಅವಳ ಬೆರಳು ನೆತ್ತಿ ತಿಕ್ಕುತ್ತಿತ್ತು. ಮುಖ ಕಾಣುತ್ತಿರಲಿಲ್ಲ, ಅದರಿಂದ ಹೇಳಲು ಧೈರ್ಯ ಬಂತು.

"ಅತ್ತಿ, ಧುಪದಾಳದವರ ನಿನ್ನ ಕೇಳಾಕ ಬಂದಿದ್ರು."

ಬೆರಳು ನಿಲ್ಲಲಿಲ್ಲ. "ಯಾವಾಗ?"

"ಹನ್ನೊಂದ ದಿನಾ ಆತು."

"ಹನ್ನೆರಡ" ಎಂದಳು ಅತ್ತೆ. "ಅವರ ಬಂದದ್ದ ಮಂಗಳವಾರ."

ನಾನು ಹಿಂದೆ ಹೊರಳಲು ಹೋದೆ. ಅವಳು ತಲೆಯನ್ನು ಗಟ್ಟಿಯಾಗಿ ಹಿಡಿದು ಮುಂದಕ್ಕೆ ತಿರುಗಿಸಿದಳು.

"ನಿನಗ ಗೊತ್ತಿತ್ತೇನ?"

"ಮೊದಲ ನನ್ನ ಕೇಳಿದ್ರು. ನಾನ ನಿನ್ನ ಹಂತೇಕ ಕಳಿಸಿದ್ನಿ. ನನ್ನ ಮಗಳ ಹೂಂ ಅಂದ್ರ ಬರ್ತೇನಿ ಅಂದಿದ್ನಿ. ಸಂತಿ ನೆವಾ ಮಾಡಿ ಹೊರಗ ಹೋಗಿದ್ನಿ."

"ಮತ್ತ ಇಷ್ಟ ದಿನಾ ನನ್ನ ಯಾಕ ಕೇಳ್ಲಿಲ್ಲ?"

"ನಾ ಕೇಳಿದ್ರ ನೀ ನಾಚಿಕಿಗೆ ಹೂಂ ಅಂತಿದ್ದಿ. ನೀನಾಗೇ ಹೇಳಬೇಕಿತ್ತು."

"ನಾ ಹೇಳದನ ಇದ್ದಿದ್ರ?"

"ಇಲ್ಲೇ ಇರ್ತಿದ್ನಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಮೊಣಕಾಲಲ್ಲಿ ಮುಖವಿಟ್ಟು ಅಳತೊಡಗಿದೆ. ಅಳುತ್ತಲೇ, ಪಾಠ ಹೇಳುವ ಚಟ ಬಿಡದೆ, ಜೇನಿನ ಮಾತು ತೆಗೆದೆ. ನಾವೇ ನಿನ್ನನ್ನು ಮುಚ್ಚಿಟ್ಟೆವು, ಆ ಮರಿಗಳ ಹಾಗೆ, ಮೊದಲು ನಾನು, ತಮ್ಮ, ಈಗ ನನ್ನ ಮಗಳು, ನಮ್ಮ ವಾಸನೆ ಹಿಡಿದು ನಿನ್ನ ಜೀವನವೇ ಹೋಯಿತು, ಅತ್ತಿ, ಎಂದು ಏನೇನೋ ಹಲುಬಿದೆ. ಅತ್ತೆ ನನ್ನ ಜಡೆಯನ್ನು ಹಿಡಿದು ಒಂದು ಸಲ ಜೋರಾಗಿ ಜಗ್ಗಿದಳು.

"ನಾ ಏನ ಹುಳಾ ಏನ? ಹುಳಕ್ಕ ಗೊತ್ತಾಗೂದಿಲ್ಲ, ನನಗ ಎಲ್ಲಾ ಗೊತ್ತಿತ್ತು. ಹುಕ್ಕೇರಿ ಹುಡುಗ ನೋಡಾಕ ಚಲೋ ಇದ್ದ, ಅದೂ ಗೊತ್ತಿತ್ತು. ನಿನ್ನ ತಮ್ಮ ನನ್ನ ಸೆರಗ ಹಿಡದ ಬಿಡ್ಲಿಲ್ಲ ಖರೆ. ಎರಡ ವರ್ಷದ ಕೂಸಿನ ಕೈ, ಬಿಡಸ್ಕೊಳ್ಳೂದ ಏನ ದೊಡ್ಡದಿತ್ತು? ನಾ ಬಿಡಸ್ಕೊಳ್ಳಿಲ್ಲ. ನನಗ ನೀವ ಬೇಕಾಗಿದ್ರಿ." ಜಡೆಯ ಎಳೆ ಬಿಡಿಸುತ್ತ ಹೇಳಿದಳು. "ಒಮ್ಮೊಮ್ಮಿ ಅವನ ನೆನಪ ಆಗಿ ಅಳತಿದ್ನಿ. ಅದೂ ಖರೇನ. ಈಗ ನನಗ ಇವರ ಬೇಕಾಗ್ಯಾರ. ಈಗ ಹೇಳು, ಹೂಂ ಏನ ಉಹುಂ?"

"ಹೂಂ" ಎಂದೆ. ಅಕ್ಕಿ ಡಬ್ಬಿಯ ಹಿಂದಿನ ಕರದಂಟು ತಂದುಕೊಟ್ಟೆ. ಸೆಕೆಗೆ ಮೆತ್ತಗಾಗಿತ್ತು. ಇಬ್ಬರೂ ಎಣ್ಣೆಗೈಯಲ್ಲೇ ತಿಂದೆವು.

ಲಗ್ನ ಜೂನಿನ ಮೊದಲ ವಾರ ಧುಪದಾಳದ ಅವರ ಮನೆಯಂಗಳದಲ್ಲಾಯಿತು. ನನ್ನ ಗಂಡ ಪಾಳಿ ಬದಲಿಸಿಕೊಂಡ, ಮಗಳಿಗೆ ಬಾಲವಾಡಿ ಗೊತ್ತಾಯಿತು, ಜಗತ್ತು ಮುಳುಗಲಿಲ್ಲ. ಊರ ಮಂದಿ ನಾಲ್ಕು ದಿನ ಮಾತಾಡಿ, ಐದನೇ ದಿನ ಆಹೇರಿಯ ಉಡುಗೊರೆಗೆ ಸೀರೆ ಆರಿಸಿದರು. ಮಠದ ಅಯ್ಯನವರು ಮಂತ್ರ ಹೇಳಿದರು, ಅಕ್ಕಿಕಾಳು ಬಿದ್ದವು. ಗಂಡಿನ ತಾಯಿ, ಎಪ್ಪತ್ತೈದರ ಮುದುಕಿ, ಹಸಿರು ಸೀರೆಯ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ, "ಸಣ್ಣ ವಯಸ್ಸಿನ ಹುಡುಗಿ, ರೊಟ್ಟಿ ಬಡಿಯಾಕ ಬರತೈತಿಲ್ಲೋ" ಎಂದು ಕೀಟಲೆ ಮಾಡಿದರು. ಅತ್ತೆ ನಿಜವಾಗಿ ನಾಚಿದಳು. ಅವಳು ನಾಚಿದ್ದನ್ನು ನಾನು ಕಂಡದ್ದು ಅದೇ ಮೊದಲು, ಎಷ್ಟು ಚೆಂದ ಕಾಣುತ್ತಿದ್ದಳೆಂದರೆ ನಾನು ಲಟಿಕೆ ಮುರಿದು ದೃಷ್ಟಿ ತೆಗೆದೆ.

ಕೊನೆಗೆ ಹೆಣ್ಣು ಒಪ್ಪಿಸುವ ಹೊತ್ತು ಬಂತು. ನಮ್ಮಲ್ಲಿ ಹೆತ್ತವರು ಮಗಳ ಕೈಯನ್ನು ಬೀಗಿತಿಯ ಕೈಯಲ್ಲಿಟ್ಟು, ನಮ್ಮ ಮಗಳನ್ನು ನಿಮ್ಮ ಉಡಿಯಲ್ಲಿ ಹಾಕಿದ್ದೇವೆ, ತಪ್ಪಿದರೆ ತಿದ್ದಿ ನಡೆಸಿಕೊಳ್ಳಿ ಎಂದು ಹೇಳಬೇಕು. ಅಯ್ಯನವರು ಹೆಣ್ಣಿನ ಕಡೆಯ ಹಿರಿಯರು ಯಾರು ಎಂದು ಕೇಳಿದರು. ಹಿರಿಯರು ಯಾರೂ ಉಳಿದಿರಲಿಲ್ಲ. ತಮ್ಮ ನನ್ನನ್ನು ಮುಂದೆ ದಬ್ಬಿದ, ತಾನೂ ಬಂದು ಬಾಜೂಕ್ಕೆ ನಿಂತ. ನಾವಿಬ್ಬರೂ ಅತ್ತೆಯ ಕೈ ಹಿಡಿದೆವು. ತಮ್ಮ ಆಗಲೇ ಬಿಕ್ಕುತ್ತಿದ್ದ.

'ನಮ್ಮ ಅತ್ತೀನ ನಿಮ್ಮ ಉಡಿಯಾಗ ಹಾಕೇವ್ರಿ' ಎಂದು ಹೇಳಬೇಕೆಂದು ಬಸ್ಸಿನಲ್ಲಿ ಬರುವಾಗ ಹತ್ತು ಸಲ ಬಾಯಿಪಾಠ ಮಾಡಿಕೊಂಡಿದ್ದೆ. ಮುದುಕಿ ಸೆರಗೊಡ್ಡಿ ಕಾಯುತ್ತಿದ್ದರು. ಅತ್ತೆಯ ಕೈಯನ್ನು ಅವರ ಕೈಗಿಟ್ಟು ಬಾಯಿ ತೆರೆದೆ.

"ನಮ್ಮ ಅವ್ವನ್ನ ನಿಮ್ಮ ಉಡಿಯಾಗ ಹಾಕೇವ್ರಿ" ಎಂದೆ.

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದಳು. ಮುದುಕಿಯ ಕೈಯಲ್ಲಿದ್ದ ತನ್ನ ಕೈ ಬಿಡಿಸಿಕೊಂಡು ನನ್ನ ಗಲ್ಲ ಹಿಡಿದಳು. "ಇನ್ನೊಮ್ಮಿ ಅನ್ನು" ಎಂದಳು.